ಮಳೆ ದಿನ ಮಕ್ಕಳ ಜೊತೆ ಮೈಸೂರು: ಎಲ್ಲಿಗೆ ಹೋಗಬಹುದು, ಎಲ್ಲಿ ನಿಲ್ಲಬಾರದು

ಮೈಸೂರು: ವಾರವಿಡೀ ಅಂಗಡಿ, ಗದ್ದೆ, ಆಫೀಸು ಅಂತ ಓಡಾಡಿ, ಭಾನುವಾರ ಮಕ್ಕಳಿಗೆ ಅರಮನೆ ತೋರಿಸ್ತೀನಿ ಅಂತ ಮಾತು ಕೊಟ್ಟಾಗಿದೆ. ಬೆಳಗ್ಗೆ ಎದ್ದು ನೋಡಿದರೆ ಸೋನೆ ಮಳೆ. ಮಕ್ಕಳು ಆಗಲೇ ಹೊಸ ಬಟ್ಟೆ ಹಾಕಿಕೊಂಡು ಬಾಗಿಲಲ್ಲಿ ನಿಂತಿವೆ. ಹೋಗೋದಾ, ಬಿಡೋದಾ? ಹುಣಸೂರು, ನಂಜನಗೂಡು, ಕೆ.ಆರ್.ನಗರ, ತಿ.ನರಸೀಪುರ, ಎಚ್.ಡಿ.ಕೋಟೆ, ಪಿರಿಯಾಪಟ್ಟಣ ಕಡೆಯ ಎಷ್ಟೋ ಮನೆಗಳಲ್ಲಿ ಮಳೆಗಾಲದ ಭಾನುವಾರ ಇದೇ ಪ್ರಶ್ನೆ.

ಉತ್ತರ: ಹೋಗಬಹುದು. ಮೈಸೂರಿನಲ್ಲಿ ಸೂರಿನ ಕೆಳಗೆ ನೋಡುವ ಜಾಗಗಳು ಬೇಕಾದಷ್ಟಿವೆ. ಆದರೆ ಬಿಸಿಲು ದಿನದ ಲೆಕ್ಕ ಮಳೆ ದಿನಕ್ಕೆ ನಡೆಯೋದಿಲ್ಲ. ಬೆಟ್ಟ, ಝೂ, ಅರಮನೆ, ಕೆಆರ್‌ಎಸ್ ಎಲ್ಲಾ ಒಂದೇ ದಿನ ಮುಗಿಸ್ತೀವಿ ಅಂತ ಹೊರಟರೆ ಮಗುವಿಗೆ ಜ್ವರ, ದೊಡ್ಡವರಿಗೆ ಜಗಳ. ಇನ್ನೊಂದು ಮಾತು. ಇದು ಹಳೆಯ ಊರು, ಇಲ್ಲಿನ ಹಳೆಯ ಕಟ್ಟಡಗಳು ಮಳೆಯಲ್ಲಿ ಕುಸಿದ ಉದಾಹರಣೆಗಳಿವೆ, ಜೀವವೂ ಹೋಗಿದೆ. ಅದಕ್ಕೇ ಎಲ್ಲಿ ಹೋಗಬೇಕು ಅನ್ನೋದರ ಜೊತೆ ಎಲ್ಲಿ ನಿಲ್ಲಬಾರದು ಅನ್ನೋದೂ ಗೊತ್ತಿರಬೇಕು. ಎರಡೂ ಇಲ್ಲಿದೆ.

ಮೊದಲು ಮಳೆ ಯಾವ ಥರದ್ದು ನೋಡಿ

ಮೈಸೂರಿನ ಮಳೆ ಎಲ್ಲಾ ತಿಂಗಳೂ ಒಂದೇ ಥರ ಇರೋದಿಲ್ಲ. ಜೂನ್, ಜುಲೈ, ಆಗಸ್ಟ್‌ನಲ್ಲಿ ಮುಂಗಾರು ಸೋನೆ. ಜೋರಿಲ್ಲ, ಆದರೆ ಬಿಟ್ಟು ಬಿಟ್ಟು ದಿನವಿಡೀ ಜಿನುಗುತ್ತದೆ. ಗಾಳಿ ತಣ್ಣಗಿರುತ್ತದೆ. ಈ ಮಳೆಗೆ ಛತ್ರಿ, ರೇನ್‌ಕೋಟ್, ಒಂದು ಸ್ವೆಟರ್ ಇದ್ದರೆ ಕೆಲಸ ನಡೆಯುತ್ತದೆ.

ಏಪ್ರಿಲ್-ಮೇ ಮತ್ತು ಸೆಪ್ಟೆಂಬರ್-ಅಕ್ಟೋಬರ್‌ದು ಬೇರೆ. ಬೆಳಗ್ಗೆ ಒಳ್ಳೇ ಬಿಸಿಲು, ಮಧ್ಯಾಹ್ನ ಮೂರರ ಮೇಲೆ ಮೋಡ ಕಟ್ಟಿ ಗುಡುಗು, ಸಿಡಿಲು, ಗಾಳಿ, ಒಂದೇ ತಾಸಿನಲ್ಲಿ ರಸ್ತೆ ತುಂಬಾ ನೀರು. ಶಾಲೆಗಳ ಬೇಸಿಗೆ ರಜೆ, ದಸರಾ ರಜೆ ಎರಡೂ ಈ ತಿಂಗಳುಗಳಲ್ಲೇ ಬೀಳುತ್ತವೆ. ಅಂಥ ದಿನ ಬಯಲಿನಲ್ಲಿ ನೋಡುವ ಜಾಗ ಇದ್ದರೆ ಬೆಳಗ್ಗೆಯೇ ಮುಗಿಸಿ, ಮಧ್ಯಾಹ್ನಕ್ಕೆ ಸೂರಿನ ಕೆಳಗಿನ ಜಾಗ ಇಟ್ಟುಕೊಳ್ಳಬೇಕು. ಹೊರಡುವ ಮುಂಚೆ ಮೊಬೈಲ್‌ನಲ್ಲಿ ಹವಾಮಾನ ಇಲಾಖೆಯ ಮುನ್ಸೂಚನೆ ನೋಡಿ. ಆರೆಂಜ್ ಅಥವಾ ರೆಡ್ ಅಲರ್ಟ್ ಇದ್ದರೆ ಪ್ರವಾಸ ಮುಂದಕ್ಕೆ ಹಾಕಿದರೆ ನಷ್ಟ ಏನಿಲ್ಲ. ಅರಮನೆ ಮುಂದಿನ ವಾರವೂ ಅಲ್ಲೇ ಇರುತ್ತದೆ.

ಯಾವ ದಿನ ಯಾವುದಕ್ಕೆ ರಜೆ

ಅಂಗಡಿ ಇಟ್ಟವರಿಗೆ ರಜೆ ಭಾನುವಾರವೇ ಸಿಗಬೇಕು ಅಂತಿಲ್ಲ. ಕ್ಷೌರದಂಗಡಿಯವರಿಗೆ ಮಂಗಳವಾರ ರಜೆ. ಕೆಲವು ಊರುಗಳಲ್ಲಿ ಸಂತೆಯ ಮರುದಿನ ಅಂಗಡಿ ಬಾಗಿಲು ಹಾಕುವ ರೂಢಿ ಇದೆ. ಅಂಥವರು ಇದನ್ನು ನೋಡಿಕೊಂಡು ಹೊರಡಬೇಕು.

- ಅರಮನೆ: ವಾರದ ಎಲ್ಲಾ ದಿನ ತೆರೆದಿರುತ್ತದೆ. ಬೆಳಗ್ಗೆ 10ರಿಂದ ಸಂಜೆ 5.30. ದಸರಾ ಸಮಯದಲ್ಲಿ ಕೆಲವು ದಿನ ಸಾರ್ವಜನಿಕರಿಗೆ ಪ್ರವೇಶ ಇರುವುದಿಲ್ಲ.
- ಮೃಗಾಲಯ (ಝೂ): ಮಂಗಳವಾರ ರಜೆ. ದಸರಾ ಮತ್ತಿತರ ರಜೆ ಕಾಲದಲ್ಲಿ ಮಂಗಳವಾರವೂ ತೆರೆಯುವುದುಂಟು.
- ಕಾರಂಜಿ ಕೆರೆ: ಮಂಗಳವಾರ ರಜೆ.
- ಪ್ರಾದೇಶಿಕ ನೈಸರ್ಗಿಕ ಇತಿಹಾಸ ಸಂಗ್ರಹಾಲಯ, ಸಿದ್ಧಾರ್ಥನಗರ: ಸೋಮವಾರ ರಜೆ.
- ಇಂದಿರಾ ಗಾಂಧಿ ಮಾನವ ಸಂಗ್ರಹಾಲಯದ ಮೈಸೂರು ಕೇಂದ್ರ, ಇರ್ವಿನ್ ರಸ್ತೆ: ಸೋಮವಾರ ರಜೆ.

ಸೋಮವಾರ, ಮಂಗಳವಾರ ಬರುವವರು ಅರಮನೆಯನ್ನು ಗಟ್ಟಿ ಮಾಡಿಕೊಂಡು, ಉಳಿದದ್ದನ್ನು ಫೋನಿನಲ್ಲಿ ಕೇಳಿ ಹೊರಡುವುದು ಒಳ್ಳೇದು. ಟಿಕೆಟ್ ದರ ಆಗಾಗ ಬದಲಾಗುತ್ತದೆ. ಕೌಂಟರ್ ಮೇಲಿನ ಬೋರ್ಡೇ ಕೊನೇ ಮಾತು. ಮಗುವಿನ ವಯಸ್ಸಿನ ಪುರಾವೆಗೆ ಆಧಾರ್ ಕಾರ್ಡಿನ ಫೋಟೋ ಮೊಬೈಲ್‌ನಲ್ಲಿರಲಿ.

ಅರಮನೆ: ಮಳೆ ದಿನಕ್ಕೆ ಹೇಳಿ ಮಾಡಿಸಿದ ಜಾಗ

ಈಗಿರುವ ಅರಮನೆ ಹಳೆಯದೇನಲ್ಲ, ನೂರು ವರ್ಷ ದಾಟಿದೆ ಅಷ್ಟೆ. ಇದಕ್ಕೂ ಮುಂಚೆ ಇದೇ ಜಾಗದಲ್ಲಿ ಮರದ ಅರಮನೆ ಇತ್ತು. 1897ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆ ಸಮಯದಲ್ಲಿ ಬೆಂಕಿ ಬಿದ್ದು ಸುಟ್ಟುಹೋಯಿತು. ಅದೇ ವರ್ಷ ಹೊಸದರ ಕೆಲಸ ಶುರುವಾಗಿ 1912ಕ್ಕೆ ಮುಗಿಯಿತು. ವಾಸ್ತುಶಿಲ್ಪಿ ಹೆನ್ರಿ ಇರ್ವಿನ್. ಬೆಂಕಿಯ ಪಾಠ ಕಲಿತು ಈ ಸಲ ಕಲ್ಲು, ಇಟ್ಟಿಗೆ, ಕಬ್ಬಿಣ ಹೆಚ್ಚಾಗಿ ಬಳಸಿದರು. "ಮೊದಲಿನ ಅರಮನೆ ಮದುವೆ ಮನೆಯಲ್ಲೇ ಸುಟ್ಟುಹೋಯಿತು" ಅಂತ ಒಂದು ಮಾತು ಹೇಳಿ ಒಳಗೆ ಕರೆದುಕೊಂಡು ಹೋದರೆ ಆರೇಳು ವರ್ಷದ ಮಕ್ಕಳು ಕಣ್ಣರಳಿಸಿ ನೋಡುತ್ತವೆ.

ಸಾರ್ವಜನಿಕರ ಪ್ರವೇಶ ದಕ್ಷಿಣದ ವರಾಹ ದ್ವಾರದಿಂದ. ಗೇಟಿನಿಂದ ಕಟ್ಟಡದವರೆಗೆ ಬಯಲಲ್ಲೇ ನಡೆಯಬೇಕು, ಅಲ್ಲಿಯವರೆಗೆ ಛತ್ರಿ ಬೇಕು. ಒಳಗೆ ಹೋಗುವ ಮುಂಚೆ ಚಪ್ಪಲಿ, ಶೂ ಬಿಡಬೇಕು. ಮಳೆ ದಿನ ತೊಂದರೆ ಶುರುವಾಗೋದೇ ಇಲ್ಲಿ. ಸಾವಿರಾರು ಜನ ಒದ್ದೆ ಕಾಲಲ್ಲಿ ನಡೆದ ನುಣುಪು ನೆಲ ಜಾರುತ್ತದೆ. ಮಗುವಿನ ಕಾಲು ಒರೆಸಲು ಒಂದು ಹಳೇ ಟವೆಲ್ ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಿ. ಸಾಕ್ಸ್ ಹಾಕಿಸಿ ನಡೆಸಬೇಡಿ. ಒದ್ದೆಯಾದ ಸಾಕ್ಸ್ ಬರಿಗಾಲಿಗಿಂತ ಹೆಚ್ಚು ಜಾರುತ್ತದೆ, ಆಮೇಲೆ ಅದೇ ತಣ್ಣನೆ ಸಾಕ್ಸ್‌ನಲ್ಲಿ ಮಗು ಸಂಜೆವರೆಗೆ ಇರಬೇಕಾಗುತ್ತದೆ.

ಚಿಕ್ಕ ಮಕ್ಕಳಿಗೆ ಒಳಗಿನ ಎಲ್ಲವೂ ಬೇಕಾಗಿಲ್ಲ. ಇಷ್ಟು ತೋರಿಸಿದರೆ ಸಾಕು:

- ಗೊಂಬೆ ತೊಟ್ಟಿ: ಒಳಗೆ ಹೋದ ಕೂಡಲೇ ಸಿಗುತ್ತದೆ. ಹೆಸರೇ ಹೇಳುವಂತೆ ಗೊಂಬೆಗಳ ಜಾಗ.
- ಚಿನ್ನದ ಅಂಬಾರಿ: ವಿಜಯದಶಮಿ ದಿನ ಆನೆ ಹೊರುವ ಅಂಬಾರಿ ಇದೇ. ತೂಕ ಸುಮಾರು 750 ಕೆ.ಜಿ. ಟಿ.ವಿ.ಯಲ್ಲಿ ಜಂಬೂಸವಾರಿ ನೋಡಿದ ಮಕ್ಕಳಿಗೆ ಇದರ ಮುಂದೆ ನಿಲ್ಲೋದು ದೊಡ್ಡ ಸಂಗತಿ. ಅರ್ಜುನ ಹೊತ್ತಿದ್ದು, 2020ರಿಂದ ಅಭಿಮನ್ಯು ಹೊರುತ್ತಿರೋದು ಎಲ್ಲಾ ಅವಕ್ಕೆ ಬಾಯಿಪಾಠ ಇರುತ್ತದೆ.
- ಕಲ್ಯಾಣ ಮಂಟಪ: ಎಂಟು ಮೂಲೆಯ ಹಾಲ್. ಮೇಲೆ ಬಣ್ಣದ ಗಾಜಿನ ಚಾವಣಿ, ಅದರ ತುಂಬಾ ನವಿಲು. ಗೋಡೆ ಮೇಲೆ ದಸರಾ ಮೆರವಣಿಗೆಯ ಚಿತ್ರಗಳು. ಗಾಜಿನಲ್ಲಿ ನವಿಲು ಎಷ್ಟಿವೆ, ಚಿತ್ರದಲ್ಲಿ ಆನೆ ಎಷ್ಟಿವೆ ಎಣಿಸು ಅಂದರೆ ಕಾಲು ಗಂಟೆ ಆರಾಮಾಗಿ ಹೋಗುತ್ತದೆ.
- ದರ್ಬಾರ್ ಹಾಲ್: ಸಾಲು ಕಂಬಗಳ ದೊಡ್ಡ ಹಜಾರ. ಒಂದು ಕಡೆ ತೆರೆದಿದ್ದು, ಎದುರಿಗೆ ಅಂಗಳ ಕಾಣುತ್ತದೆ. ಮಳೆ ಬೀಳೋದನ್ನು ನೆನೆಯದೆ ನೋಡಲು ಇದಕ್ಕಿಂತ ಒಳ್ಳೇ ಜಾಗ ಊರಲ್ಲಿಲ್ಲ.

ರತ್ನಖಚಿತ ಸಿಂಹಾಸನ ಬೇಕು ಅಂತ ಮಗು ಹಟ ಮಾಡಿದರೆ, ಅದನ್ನು ದಸರಾ ಸಮಯದಲ್ಲಿ ಮಾತ್ರ ಜೋಡಿಸುತ್ತಾರೆ ಅಂತ ಮುಂಚೆಯೇ ಹೇಳಿಬಿಡಿ.

ಭಾನುವಾರ ಮಧ್ಯಾಹ್ನದ ನೂಕುನುಗ್ಗಲಿನಲ್ಲಿ ಮಕ್ಕಳು ಕೈತಪ್ಪೋದು ಸುಲಭ, ಮಳೆ ಬಂದರೆ ಎಲ್ಲರೂ ಒಟ್ಟಿಗೆ ಒಳಗೆ ನುಗ್ಗುತ್ತಾರೆ. ಬೆಳಗ್ಗೆ 10ಕ್ಕೆ ಬಾಗಿಲು ತೆಗೆಯುವ ಹೊತ್ತಿಗೆ ಹೋದರೆ ಆರಾಮ. ಮಗುವಿನ ಜೇಬಿನಲ್ಲಿ ಅಪ್ಪ-ಅಮ್ಮನ ಫೋನ್ ನಂಬರ್ ಬರೆದ ಚೀಟಿ ಇಡಿ. ಚೀಟಿ ನೆನೆಯದ ಹಾಗೆ ಸಣ್ಣ ಪ್ಲಾಸ್ಟಿಕ್ ಕವರ್‌ನಲ್ಲಿ ಹಾಕಿ. ಮಗು ಕಾಣದಿದ್ದರೆ ಮೊದಲು ಹತ್ತಿರದ ಸೆಕ್ಯುರಿಟಿಯವರಿಗೆ ಹೇಳಿ, 112ಕ್ಕೆ ಕರೆ ಮಾಡಿ. ಮಕ್ಕಳ ಸಹಾಯವಾಣಿ 1098.

ಜಗನ್ಮೋಹನ ಅರಮನೆ: ಸಣ್ಣದು, ಶಾಂತ

ದೊಡ್ಡ ಅರಮನೆಯಿಂದ ನಡೆದು ಹೋಗುವಷ್ಟು ದೂರ. 1861ರಲ್ಲಿ ಕಟ್ಟಿದ್ದು. ಮರದ ಅರಮನೆ ಸುಟ್ಟ ಮೇಲೆ, ಹೊಸದು ಆಗುವವರೆಗೆ ರಾಜಮನೆತನ ಇಲ್ಲೇ ಇತ್ತು. 1915ರಿಂದ ಚಿತ್ರಶಾಲೆ. ಈಗ ಶ್ರೀ ಜಯಚಾಮರಾಜೇಂದ್ರ ಆರ್ಟ್ ಗ್ಯಾಲರಿ ಅಂತ ಹೆಸರು. ರಾಜಾ ರವಿವರ್ಮನ ಚಿತ್ರಗಳು ಇಲ್ಲಿವೆ.

ಮಕ್ಕಳಿಗೆ ಹಿಡಿಸೋದು ಎರಡು. ಒಂದು, ಕೈಯಲ್ಲಿ ದೀಪ ಹಿಡಿದ ಹೆಂಗಸಿನ ಚಿತ್ರ. ದೀಪದ ಬೆಳಕು ಅವಳ ಮುಖದ ಮೇಲೆ ನಿಜವಾಗಿ ಬಿದ್ದ ಹಾಗೆ ಕಾಣುತ್ತದೆ. ಕ್ಯಾಲೆಂಡರ್‌ನಲ್ಲಿ ನೋಡಿ ಇದೂ ರವಿವರ್ಮನದೇ ಅಂತ ಎಷ್ಟೋ ಜನ ತಿಳಿದಿದ್ದಾರೆ. ಅಲ್ಲ, ಇದು ಸಾವಂತವಾಡಿಯ ಎಸ್.ಎಲ್. ಹಲ್ದಂಕರ್ ತಮ್ಮ ಮಗಳನ್ನೇ ನಿಲ್ಲಿಸಿ ಜಲವರ್ಣದಲ್ಲಿ ಬರೆದದ್ದು. ಎರಡನೆಯದು ಫ್ರಾನ್ಸಿನಿಂದ ಬಂದ ಹಳೆಯ ಗಡಿಯಾರ. ಗಂಟೆಗೊಮ್ಮೆ ಪುಟ್ಟ ಸಿಪಾಯಿ ಗೊಂಬೆಗಳು ಕವಾಯತು ಮಾಡುವ ಹಾಗೆ ಅದನ್ನು ಮಾಡಲಾಗಿದೆ. ನಡೆಯುತ್ತಿದೆಯಾ ಅಂತ ಅಲ್ಲಿನ ಸಿಬ್ಬಂದಿಯನ್ನು ಕೇಳಿ, ನಡೆಯುತ್ತಿದ್ದರೆ ಗಂಟೆ ಹೊಡೆಯುವ ಹೊತ್ತಿಗೆ ಅಲ್ಲಿ ನಿಲ್ಲಿ.

ಇಲ್ಲಿ ಚಿತ್ರ ಮುಟ್ಟುವ ಹಾಗಿಲ್ಲ, ಓಡುವ ಹಾಗಿಲ್ಲ. ನಾಲ್ಕು ವರ್ಷದ ಒಳಗಿನ ಮಗು ಜೊತೆಗಿದ್ದರೆ ಅರ್ಧ ಗಂಟೆ ಸಾಕು.

ರೈಲ್ವೆ ಮ್ಯೂಸಿಯಂ: ಮುಟ್ಟಬಹುದು, ಹತ್ತಬಹುದು

ಕೆಆರ್‌ಎಸ್ ರಸ್ತೆಯಲ್ಲಿ, ಸಿಎಫ್‌ಟಿಆರ್‌ಐ ಎದುರು, ರೈಲು ನಿಲ್ದಾಣಕ್ಕೆ ಹತ್ತಿರವೇ ಇದೆ. 1979ರಲ್ಲಿ ಶುರುವಾಯಿತು. ದೆಹಲಿಯದನ್ನು ಬಿಟ್ಟರೆ ದೇಶದಲ್ಲಿ ಎರಡನೆಯ ರೈಲ್ವೆ ಮ್ಯೂಸಿಯಂ ಇದು. ಇತ್ತೀಚೆಗೆ ಇದನ್ನು ಹೊಸದಾಗಿ ಸಜ್ಜುಗೊಳಿಸಿದ್ದಾರೆ. ಹಳೆಯ ಉಗಿಬಂಡಿ ಇಂಜಿನ್‌ಗಳು, ಸಿಗ್ನಲ್‌ಗಳು, ಮಹಾರಾಣಿಯವರು ಪ್ರಯಾಣಿಸುತ್ತಿದ್ದ ಸಲೂನ್ ಬೋಗಿ ಇವೆ. ಆ ಬೋಗಿಯೊಳಗೆ ಅಡುಗೆಮನೆ, ಊಟದ ಜಾಗ, ಸ್ನಾನದ ಮನೆ ಎಲ್ಲಾ ಇತ್ತು ಅಂದರೆ ಮಕ್ಕಳು ನಂಬೋದಿಲ್ಲ, ಕಣ್ಣಾರೆ ನೋಡಬೇಕು.

ಅರಮನೆಯಲ್ಲಿ ಎರಡು ಗಂಟೆ "ಮುಟ್ಟಬೇಡ, ಸುಮ್ಮನಿರು" ಅಂತ ಕೇಳಿ ಬಂದ ಮಗುವಿಗೆ ಇಲ್ಲಿ ಬಿಡುಗಡೆ ಸಿಕ್ಕ ಹಾಗೆ. ಕೆಲವು ಇಂಜಿನ್, ಬೋಗಿಗಳನ್ನು ಹತ್ತಬಹುದು. ಪುಟಾಣಿ ರೈಲೂ ಇದೆ, ಜೋರು ಮಳೆ ಇದ್ದರೆ ಅದು ಓಡುತ್ತದೆ ಅನ್ನೋ ಖಾತ್ರಿ ಇಲ್ಲ. ಆದ್ದರಿಂದ ಮಗುವಿಗೆ ಮೊದಲೇ ಆಸೆ ತೋರಿಸಬೇಡಿ. ಹೆಚ್ಚಿನ ಭಾಗ ಬಯಲಲ್ಲಿದೆ. ಹಾಗಾಗಿ ಇದು ಸೋನೆ ಮಳೆಗೆ ಸರಿ, ಗುಡುಗು ಮಳೆಗೆ ಅಲ್ಲ. ಒದ್ದೆ ಕಬ್ಬಿಣದ ಮೆಟ್ಟಿಲು ಜಾರುತ್ತದೆ. ಹತ್ತುವಾಗ ಹಿಂದೆ, ಇಳಿಯುವಾಗ ಮುಂದೆ ದೊಡ್ಡವರು ನಿಲ್ಲಬೇಕು.

ಝೂ ಬೇಕೇ ಬೇಕು ಅಂದರೆ

ಮಕ್ಕಳ ಬಾಯಲ್ಲಿ ಮೈಸೂರು ಅಂದರೆ ಮೊದಲು ಬರೋದು ಝೂ. 1892ರಲ್ಲಿ ಶುರುವಾದ ಶ್ರೀ ಚಾಮರಾಜೇಂದ್ರ ಮೃಗಾಲಯ ದೇಶದ ಹಳೆಯ ಮೃಗಾಲಯಗಳಲ್ಲಿ ಒಂದು. ಆದರೆ 150 ಎಕರೆಗಿಂತ ದೊಡ್ಡದು, ಪೂರ್ತಿ ಬಯಲು. ಒಳಗೆ ಕಿಲೋಮೀಟರ್‌ಗಟ್ಟಲೆ ನಡೆಯಬೇಕು. ಅರ್ಧ ದಾರಿಯಲ್ಲಿ ಮಳೆ ಹಿಡಿದರೆ ಮುಂದಕ್ಕೂ ಹಿಂದಕ್ಕೂ ದೂರವೇ. ಬ್ಯಾಟರಿ ಗಾಡಿ ಇದೆ, ಮಳೆ ಬಂದರೆ ಅದಕ್ಕೂ ಸಾಲು. ಹೋಗಲೇಬೇಕು ಅಂದರೆ ಬೆಳಗ್ಗೆ 8.30ಕ್ಕೆ ಗೇಟು ತೆಗೆದ ಕೂಡಲೇ ಹೋಗಿ, ಮಳೆ ಶುರುವಾಗುವ ಮುಂಚೆ ಹೊರಬನ್ನಿ. ಪ್ಲಾಸ್ಟಿಕ್ ಕವರ್ ಒಳಗೆ ಬಿಡುವುದಿಲ್ಲ, ಒಣ ಬಟ್ಟೆಗೆ ಬಟ್ಟೆ ಚೀಲ ಅಥವಾ ಡಬ್ಬಿ ಇರಲಿ. ಗಾಳಿ, ಸಿಡಿಲು ಶುರುವಾದರೆ ಮರದ ಕೆಳಗೆ ನಿಲ್ಲಬೇಡಿ. ಎಷ್ಟೇ ದೊಡ್ಡ ಮರವಾದರೂ ಸರಿ.

ಅಲ್ಲಿಂದ ಸ್ವಲ್ಪ ದೂರ, ಕಾರಂಜಿ ಕೆರೆ ದಡದಲ್ಲಿ ಪ್ರಾದೇಶಿಕ ನೈಸರ್ಗಿಕ ಇತಿಹಾಸ ಸಂಗ್ರಹಾಲಯ ಇದೆ. 1995ರಲ್ಲಿ ತೆರೆದದ್ದು. ಮೈಸೂರಿಗೆ ಹತ್ತು ಸಲ ಬಂದವರೂ ಇದನ್ನು ನೋಡಿರುವುದಿಲ್ಲ. ಪೂರ್ತಿ ಕಟ್ಟಡದ ಒಳಗೆ, ಪ್ರಾಣಿ, ಪಕ್ಷಿ, ಕಾಡು, ಕಲ್ಲು, ಗಿಡಗಳ ಮಾದರಿಗಳು. ಜನ ಕಡಿಮೆ, ಗಲಾಟೆ ಕಡಿಮೆ. ಝೂ ತಪ್ಪಿತು ಅಂತ ಅಳುವ ಮಗುವಿಗೆ ಮಳೆ ದಿನ ಇದು ಒಳ್ಳೇ ಬದಲಿ.

ಸಂತ ಫಿಲೋಮಿನಾ ಚರ್ಚ್

1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅಡಿಗಲ್ಲು ಹಾಕಿದ ಚರ್ಚ್. ಜರ್ಮನಿಯ ಕೊಲೋನ್ ಚರ್ಚಿನ ಮಾದರಿ. ಎರಡು ಗೋಪುರ, ಒಂದೊಂದು 175 ಅಡಿ. ಒಳಗೆ ಎತ್ತರದ ಚಾವಣಿ, ಬಣ್ಣದ ಗಾಜು, ಕೆಳಗೆ ನೆಲಮಾಳಿಗೆಯಲ್ಲಿ ಸಂತ ಫಿಲೋಮಿನಾ ಪ್ರತಿಮೆ. ಮಕ್ಕಳಿಗೆ ಈ ನೆಲಮಾಳಿಗೆಯ ಇಕ್ಕಟ್ಟು ದಾರಿಯೇ ಖುಷಿ. ಭಾನುವಾರ ಬೆಳಗ್ಗೆ ಪೂಜೆ ಇರುತ್ತದೆ, ಆ ಹೊತ್ತು ಬಿಟ್ಟು ಹೋಗಿ. ಪ್ರಾರ್ಥನೆ ಮಾಡುವವರಿಗೆ ತೊಂದರೆ ಆಗದ ಹಾಗೆ ಮಕ್ಕಳ ದನಿ ತಗ್ಗಿಸಿ.

ಎಲ್ಲಿ ನಿಲ್ಲಬಾರದು: ಇದನ್ನು ತಪ್ಪದೇ ಓದಿ

ಮಳೆ ಬಂದರೆ ಎಲ್ಲರೂ ಮಾಡುವ ಕೆಲಸ ಒಂದೇ: ಹತ್ತಿರದ ಸಜ್ಜೆ, ಜಗುಲಿ, ಕಮಾನಿನ ಕೆಳಗೆ ಓಡೋದು. ಹಳೇ ಮೈಸೂರಿನಲ್ಲಿ ಅಪಾಯ ಇರುವುದೂ ಅಲ್ಲೇ. ಗಾರೆ ಗೋಡೆ, ಮರದ ತೊಲೆಗಳ ಕಟ್ಟಡಗಳು ವರ್ಷಗಟ್ಟಲೆ ನೀರು ಕುಡಿದು ಒಳಗೇ ಸಡಿಲವಾಗಿರುತ್ತವೆ. ಹೊರಗಿನಿಂದ ನೋಡಿದರೆ ಗಟ್ಟಿಯಾಗೇ ಕಾಣುತ್ತವೆ.

- ಲ್ಯಾನ್ಸ್‌ಡೌನ್ ಕಟ್ಟಡ: 1892ರ ಕಾಲದ್ದು. ಕೆ.ಆರ್. ವೃತ್ತದಿಂದ ಜಗನ್ಮೋಹನ ಅರಮನೆ ಕಡೆ ಹೋಗುವ ದಾರಿಯಲ್ಲೇ ಇದೆ. ಹಳೇ ಪುಸ್ತಕದ ಅಂಗಡಿಗಳಿಗೆ ಹೆಸರಾಗಿತ್ತು. 2012ರ ಆಗಸ್ಟ್‌ನಲ್ಲಿ ಒಂದು ಭಾಗ ಕುಸಿದು 4 ಜನ ಸತ್ತರು.
- ದೇವರಾಜ ಮಾರುಕಟ್ಟೆ: ನೂರು ವರ್ಷ ದಾಟಿದ ಮಾರುಕಟ್ಟೆ. 2016ರ ಆಗಸ್ಟ್‌ನಲ್ಲಿ ಧನ್ವಂತರಿ ರಸ್ತೆ ಕಡೆಯ ಭಾಗ ಕುಸಿಯಿತು. ಕೆಡವಿ ಕಟ್ಟಬೇಕಾ, ರಿಪೇರಿ ಮಾಡಿ ಉಳಿಸಬೇಕಾ ಅನ್ನೋ ವಾದ ಕೋರ್ಟಿನವರೆಗೂ ಹೋಯಿತು.
- ಕೋಟೆ ಗೋಡೆ: 2022ರ ಅಕ್ಟೋಬರ್ ಮಳೆಗೆ ಅರಮನೆ ಸುತ್ತಲಿನ ಕೋಟೆ ಗೋಡೆಯ ಒಂದು ಭಾಗ ಕೋಟೆ ಮಾರಮ್ಮ ದೇವಸ್ಥಾನದ ಹತ್ತಿರ ಬಿತ್ತು.
- ಮಹಾರಾಣಿ ವಿಜ್ಞಾನ ಕಾಲೇಜು: ಅದೇ ತಿಂಗಳು ಈ ಪಾರಂಪರಿಕ ಕಟ್ಟಡದ ಒಂದು ಭಾಗವೂ ಕುಸಿಯಿತು.

ಮೊದಲೆರಡೂ ಆಗಸ್ಟ್, ಕೊನೆಯೆರಡೂ ಅಕ್ಟೋಬರ್. ಎಲ್ಲಾ ಮಳೆಗಾಲದಲ್ಲೇ ಆದದ್ದು. ಬೇಲಿ ಹಾಕಿದ ಕಟ್ಟಡ, ಗೋಡೆಯಲ್ಲಿ ಗಿಡ ಬೆಳೆದ ಕಟ್ಟಡ, ಬಿರುಕು ಕಾಣುವ ಕಮಾನು, ಕಲ್ಲಿನ ಎತ್ತರದ ಕಾಂಪೌಂಡು, ಇವುಗಳ ಪಕ್ಕ ಮಕ್ಕಳನ್ನು ನಿಲ್ಲಿಸಬೇಡಿ. ನೆನೆದರೆ ಬಟ್ಟೆ ಬದಲಾಯಿಸಬಹುದು. ಹೋಟೆಲ್, ಬಸ್ ನಿಲ್ದಾಣ, ಈಚಿನ ಕಾಂಕ್ರೀಟ್ ಕಟ್ಟಡದ ಒಳಗೆ ಹೋಗಿ ನಿಲ್ಲಿ. ಫೋಟೋ ಚೆನ್ನಾಗಿ ಬರುತ್ತದೆ ಅಂತ ಪಾಳು ಗೋಡೆ ಹತ್ತಿಸುವುದಂತೂ ಬೇಡವೇ ಬೇಡ.

ಹಾಗಂತ ಮಾರುಕಟ್ಟೆಗೆ ಹೋಗಲೇಬಾರದು ಅಂತಲ್ಲ. ಮೈಸೂರು ಮಲ್ಲಿಗೆ, ವೀಳ್ಯದೆಲೆ, ನಂಜನಗೂಡು ರಸಬಾಳೆ, ಬಣ್ಣಬಣ್ಣದ ಕುಂಕುಮದ ಗುಡ್ಡೆ ಮಕ್ಕಳು ನೋಡಬೇಕಾದ್ದೇ. ಮಳೆ ಬಿಟ್ಟಾಗ, ಮಗುವನ್ನು ಎತ್ತಿಕೊಂಡು, ಹತ್ತು ನಿಮಿಷ ಸುತ್ತಿ ಬನ್ನಿ. ಸಂತೆಪೇಟೆಗೆ ಅಂಗಡಿ ಸರಕಿಗೆ ಬಂದವರು ಮಕ್ಕಳನ್ನು ಜೊತೆಗೆ ಒಯ್ಯಬೇಡಿ. ಗಾಡಿಗಳಿಂದ ಮೂಟೆ ಇಳಿಸುವ ಇಕ್ಕಟ್ಟಿನ ರಸ್ತೆ ಅದು, ಮಳೆಯಲ್ಲಿ ಯಾರ ಕಣ್ಣಿಗೂ ಮಗು ಕಾಣೋದಿಲ್ಲ. ಒಬ್ಬರು ಸರಕು ನೋಡಿಕೊಳ್ಳಲಿ, ಇನ್ನೊಬ್ಬರು ಮಕ್ಕಳ ಜೊತೆ ಅರಮನೆಯಲ್ಲಿರಲಿ.

ದೊಡ್ಡ ಗಡಿಯಾರವನ್ನು ಸ್ವಲ್ಪ ದೂರದಿಂದಲೇ ತೋರಿಸಿ. 1927ರ ಈ ಗೋಪುರದ ಗಡಿಯಾರದಲ್ಲಿ ಕನ್ನಡ ಅಂಕಿಗಳಿವೆ. ಒಂದರಿಂದ ಹನ್ನೆರಡರವರೆಗೆ ಮಗು ಕನ್ನಡದಲ್ಲೇ ಓದಲಿ.

ಬೆಟ್ಟ, ಹೊಳೆ ಇನ್ನೊಂದು ದಿನಕ್ಕೆ

ಚಾಮುಂಡಿ ಬೆಟ್ಟಕ್ಕೆ ಸಾವಿರ ಮೆಟ್ಟಿಲು. ಮಳೆಯಲ್ಲಿ ಪಾಚಿ ಹಿಡಿದು ಜಾರುತ್ತವೆ. 2021ರ ಅಕ್ಟೋಬರ್-ನವೆಂಬರ್ ಮಳೆಗೆ ಬೆಟ್ಟದಲ್ಲಿ ನಂದಿ ಕಡೆಯ ರಸ್ತೆ ಒಂದಕ್ಕಿಂತ ಹೆಚ್ಚು ಸಲ ಕುಸಿದು, ವಾಹನ ಸಂಚಾರ ಬಂದ್ ಮಾಡಬೇಕಾಯಿತು. ತಾಯಿಯ ದರ್ಶನ ಆಗಲೇಬೇಕು ಅಂದರೆ ನಗರ ಬಸ್ ನಿಲ್ದಾಣದಿಂದ 201 ನಂಬರ್ ಬಸ್ಸಿನಲ್ಲಿ ಮುಖ್ಯರಸ್ತೆಯಲ್ಲೇ ಹೋಗಿ ಬನ್ನಿ. ಹರಕೆ ಮೆಟ್ಟಿಲು ಮಳೆ ನಿಂತ ಮೇಲೆ ಹತ್ತಿದರೂ ಅಮ್ಮ ಬೇಡ ಅನ್ನೋದಿಲ್ಲ.

ಕೆಆರ್‌ಎಸ್, ಕಬಿನಿಯಿಂದ ನೀರು ಬಿಟ್ಟಾಗ ಹೊಳೆ ದಡಕ್ಕೆ ಮಕ್ಕಳನ್ನು ಕರೆದೊಯ್ಯಬೇಡಿ. ಹೊರಹರಿವು ಜಾಸ್ತಿಯಾದರೆ ರಂಗನತಿಟ್ಟಿನಲ್ಲಿ ದೋಣಿ ನಿಲ್ಲಿಸುತ್ತಾರೆ, ನಂಜನಗೂಡಿನ ಸ್ನಾನಘಟ್ಟ, ಹದಿನಾರು ಕಾಲು ಮಂಟಪ ಮುಳುಗುತ್ತವೆ. ನೀರು ನೋಡಲು ಜನ ಸೇರೋದು ಮಾಮೂಲು. ಒಂದು ಕೈಯಲ್ಲಿ ಮೊಬೈಲ್, ಇನ್ನೊಂದು ಕೈಯಲ್ಲಿ ಮಗು ಹಿಡಿದು ದಡದಲ್ಲಿ ನಿಲ್ಲುವವರನ್ನು ಪ್ರತಿ ವರ್ಷ ಪೊಲೀಸರು ಚದುರಿಸಬೇಕಾಗುತ್ತದೆ.

ಚೀಲದಲ್ಲಿ ಏನಿರಬೇಕು

- ಮಗುವಿಗೆ ಒಂದು ಜೊತೆ ಪೂರ್ತಿ ಒಣ ಬಟ್ಟೆ, ಎರಡು ಜೊತೆ ಒಳಉಡುಪು. ಪ್ಲಾಸ್ಟಿಕ್ ಅಥವಾ ರಬ್ಬರ್ ಚಪ್ಪಲಿ. ಶೂ ನೆನೆದರೆ ಆ ದಿನ ಒಣಗೋದಿಲ್ಲ.
- ಮಕ್ಕಳಿಗೆ ಛತ್ರಿಗಿಂತ ರೇನ್‌ಕೋಟ್ ವಾಸಿ. ಎರಡೂ ಕೈ ಖಾಲಿ ಇರುತ್ತವೆ, ಒಂದು ಕೈಯನ್ನು ನೀವು ಹಿಡಿದುಕೊಳ್ಳಬಹುದು. ಹಳದಿ, ಕೆಂಪು ಬಣ್ಣ ಇದ್ದರೆ ಗಾಡಿಯವರಿಗೂ ಕಾಣುತ್ತದೆ.
- ಎರಡು ಟವೆಲ್. ಒಂದು ತಲೆಗೆ, ಒಂದು ಕಾಲಿಗೆ.
- ಕಾಯಿಸಿ ಆರಿಸಿದ ನೀರು, ಬಿಸ್ಕತ್ತು, ಬಾಳೆಹಣ್ಣು, ಬೇಕಾದರೆ ಮನೆಯದೇ ಚಪಾತಿ. ರಸ್ತೆ ಬದಿ ಕೊಯ್ದಿಟ್ಟ ಹಣ್ಣು, ಪಾನಿಪೂರಿ ಮಳೆ ದಿನ ಬೇಡ.
- ಮಗು ಮಾಮೂಲಾಗಿ ತೆಗೆದುಕೊಳ್ಳುವ ಔಷಧಿ. ದಮ್ಮು ಇರುವ ಮಗುವಾದರೆ ಇನ್‌ಹೇಲರ್ ಮರೆಯಬಾರದು.

ಊಟಕ್ಕೆ ಬಿಸಿಬಿಸಿ ಇಡ್ಲಿ, ಅನ್ನ-ಸಾರು ಸಿಗುವ ಹೋಟೆಲ್ ಸಾಕು. ಮಧ್ಯಾಹ್ನ ಒಂದರ ಮೇಲೆ ಎಲ್ಲಾ ಕಡೆ ಸಾಲು, ಹನ್ನೆರಡೂವರೆಗೇ ಕೂತುಬಿಡಿ. ಶೌಚಾಲಯ ಇರುವ ಹೋಟೆಲ್ ನೋಡಿಕೊಳ್ಳಿ, ಹೊರಡುವ ಮುಂಚೆ ಮಗುವನ್ನು ಒಮ್ಮೆ ಕರೆದುಕೊಂಡು ಹೋಗಿ. ತಣ್ಣನೆ ಹವಾದಲ್ಲಿ ಮಕ್ಕಳಿಗೆ ಮೂತ್ರ ಹೆಚ್ಚು ಸಲ ಬರುತ್ತದೆ. ಅರಮನೆ ಒಳಗೆ ಅರ್ಧ ದಾರಿಯಲ್ಲಿ "ಅಮ್ಮಾ" ಅಂದರೆ ವಾಪಸ್ ಬರೋದು ಕಷ್ಟ. ಮನೆಗೆ ಮೈಸೂರು ಪಾಕ್ ಕಟ್ಟಿಸಿಕೊಳ್ಳುವವರು ಒದ್ದೆ ಚೀಲದಲ್ಲಿಡಬೇಡಿ, ನೀರು ತಾಗಿದರೆ ಕೆಡುತ್ತದೆ.

ಬಸ್, ರೈಲು, ಆಟೋ

ತಾಲೂಕುಗಳಿಂದ ಬರುವ ಕೆಎಸ್‌ಆರ್‌ಟಿಸಿ ಬಸ್ಸುಗಳು ಗ್ರಾಮಾಂತರ ಬಸ್ ನಿಲ್ದಾಣಕ್ಕೆ ಬರುತ್ತವೆ. ಶಕ್ತಿ ಯೋಜನೆಯಲ್ಲಿ ಸಾಮಾನ್ಯ, ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಹೆಂಗಸರಿಗೆ, ಹೆಣ್ಣುಮಕ್ಕಳಿಗೆ ಟಿಕೆಟ್ ಹಣ ಇಲ್ಲ. ಗುರುತಿನ ಚೀಟಿ ತನ್ನಿ. ಆರು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಬೇಡ. ನಂಜನಗೂಡು, ಕೆ.ಆರ್.ನಗರದವರಿಗೆ ರೈಲೂ ಇದೆ. ಮಳೆ ದಿನ ಚಿಕ್ಕ ಮಕ್ಕಳಿಗೆ ರೈಲೇ ವಾಸಿ, ಒಳಗೆ ಶೌಚಾಲಯ ಇರುತ್ತದೆ. ರೈಲಿನಲ್ಲಿ ಐದು ವರ್ಷದೊಳಗಿನವರಿಗೆ ಟಿಕೆಟ್ ಇಲ್ಲ.

ಮಳೆ ಜೋರಾದರೆ ಆಟೋ ಸಿಗೋದು ಕಷ್ಟ, ಸಿಕ್ಕರೂ ಕೆಲವರು ಬಾಯಿಗೆ ಬಂದ ರೇಟು ಹೇಳುತ್ತಾರೆ. ಹತ್ತುವ ಮುಂಚೆ ಮೀಟರ್ ಹಾಕಲು ಹೇಳಿ, ಇಲ್ಲದಿದ್ದರೆ ದರ ಮಾತಾಡಿಕೊಳ್ಳಿ. ಬೈಕಿನಲ್ಲಿ ಬರುವವರಿಗೆ ಒಂದೇ ಮಾತು: ಮುಂದೆ ಟ್ಯಾಂಕ್ ಮೇಲೆ ಒಂದು ಮಗು, ಹಿಂದೆ ಇನ್ನೊಂದು ಅಂತ ಮಳೆಯಲ್ಲಿ ಹೆದ್ದಾರಿಗೆ ಇಳಿಯಬೇಡಿ. ಬಸ್ ಹತ್ತಿ.

ಒಂದು ದಿನದ ಲೆಕ್ಕ

- ಬೆಳಗ್ಗೆ 10: ಅರಮನೆ. ಎರಡು ಗಂಟೆ.
- 12.30: ಊಟ. ಒದ್ದೆ ಬಟ್ಟೆ ಇದ್ದರೆ ಇಲ್ಲೇ ಬದಲಾಯಿಸಿ.
- 2.00: ಸೋನೆ ಮಳೆ ಇದ್ದರೆ ರೈಲ್ವೆ ಮ್ಯೂಸಿಯಂ. ಗುಡುಗಿದ್ದರೆ ನೈಸರ್ಗಿಕ ಇತಿಹಾಸ ಸಂಗ್ರಹಾಲಯ ಅಥವಾ ಜಗನ್ಮೋಹನ.
- 4.00: ಚರ್ಚ್, ಇಲ್ಲವೇ ಕಾಫಿ, ಬೋಂಡ.
- 5.00: ವಾಪಸ್.

ಭಾನುವಾರ ಮತ್ತು ಸರ್ಕಾರಿ ರಜೆಗಳಲ್ಲಿ ಸಂಜೆ 7ರ ಹೊತ್ತಿಗೆ ಅರಮನೆಗೆ ದೀಪ ಹಾಕುತ್ತಾರೆ. ಸುಮಾರು ಒಂದು ಲಕ್ಷ ಬಲ್ಬು. ನೋಡಬೇಕಾದ್ದೇ, ಅನುಮಾನವಿಲ್ಲ. ಆದರೆ ಎಚ್.ಡಿ.ಕೋಟೆ, ಪಿರಿಯಾಪಟ್ಟಣದವರೆಗೆ ಹೋಗಬೇಕಾದವರು ಊರಿನಿಂದ ಮುಂದೆ ಹಳ್ಳಿಗೆ ಹೋಗುವ ಕೊನೇ ಬಸ್ ಎಷ್ಟಕ್ಕೆ ಅಂತ ಬೆಳಗ್ಗೆಯೇ ಕಂಡಕ್ಟರ್ ಹತ್ತಿರ ಕೇಳಿಕೊಂಡಿರಬೇಕು. ರಾತ್ರಿ ಹತ್ತಕ್ಕೆ ಮಳೆಯಲ್ಲಿ, ನಿದ್ದೆ ಹೋದ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಕ್ರಾಸ್‌ನಲ್ಲಿ ನಿಲ್ಲುವುದಕ್ಕಿಂತ, ದೀಪವನ್ನು ಬೇಸಿಗೆಗೆ ಬಿಡುವುದು ಮೇಲು.

ಮಕ್ಕಳಿಗೆ ಎಷ್ಟು ಜಾಗ ನೋಡಿದೆವು ಅನ್ನೋ ಲೆಕ್ಕ ಇರೋದಿಲ್ಲ. ಮೂರು ಜಾಗ ಸಾಕು. ಒಣ ಬಟ್ಟೆಯಲ್ಲಿ, ಹೊಟ್ಟೆ ತುಂಬಿ, ಕತ್ತಲಾಗುವ ಮುಂಚೆ ಮನೆ ಸೇರಿದರೆ ಸೋಮವಾರ ಶಾಲೆಗೂ ಹೋಗುತ್ತವೆ, ಅಂಗಡಿ ಬಾಗಿಲೂ ಹೊತ್ತಿಗೆ ಸರಿಯಾಗಿ ತೆಗೆಯಬಹುದು.